ಐದು ಲಕ್ಷ ಹತ್ತು ಸಾವಿರದ ಐನೂರ ಹತ್ತು

ಪ್ರೀತಿಯ ನರ್ಸಮ್ಮನಿಗೆ,

ನಿನ್ನ ತರಬೇತಿ ಚೆನ್ನಾಗಿ ನಡೆಯುತ್ತಿದೆ ಎಂದುಕೊಂಡಿದ್ದೇನೆ. ಇಲ್ಲಿ ನಾವಿಬ್ಬರೂ ಕ್ಷೇಮ. ನಮ್ಮ ಮದುವೆಯಾದಾಗಿನಿಂದ ನಿನ್ನ ಮಗಳು ನನ್ನ ಮುಂದೆ ಬಾಯಿ ಬಿಡುವುದೇ ಅಪರೂಪ. ನೀನು ಹೋದ ಮೇಲಂತೂ "ಊಟ ಆಯ್ತು", "ಬಾಗಿಲು ಹಾಕಿದೀನಿ", ಇಷ್ಟೇ.

ನಿನ್ನೆ ಸಂಜೆ ಅಡುಗೆಮನೆಯ ಮೇಜಿನ ಮೇಲೆ, ಒಂದು ಕಂಟೇನರಿನ ಮೇಲೆ ಬಣ್ಣದಲ್ಲಿ ಬರೆಯಬೇಕಾದ ನಂಬರಿನ ಅಚ್ಚನ್ನು ರಟ್ಟಿನಲ್ಲಿ ಕತ್ತರಿಸುತ್ತ ಕೂತಿದ್ದೆ. 510510. ನೀರು ಕುಡಿಯಲು ಬಂದವಳು ಲೋಟ ಹಿಡಿದು ಅಲ್ಲೇ ನಿಂತಳು.

"ಇದು ಏಳರಿಂದ ಭಾಗ ಹೋಗತ್ತೆ. ಹನ್ನೊಂದು, ಹದಿಮೂರರಿಂದಲೂ ಹೋಗತ್ತೆ. ಮೂರಂಕಿ ಎರಡು ಸಲ ಬಂದ್ರೆ ಹಾಗೇ."

ನನಗೆ ನಂಬಿಕೆ ಬರಲಿಲ್ಲ. ಮಿಕ್ಕ ರಟ್ಟಿನ ಮೇಲೆ ಭಾಗಿಸತೊಡಗಿದೆ. ಅವಿಭಾಜ್ಯ ಸಂಖ್ಯೆಗಳನ್ನು ಅವಳು ಒಂದೊಂದಾಗಿ ಹೇಳಿದಳು, ಬಂದ ಉತ್ತರವನ್ನೇ ನಾನು ಮುಂದಿನದರಿಂದ ಭಾಗಿಸುತ್ತ ಹೋದೆ: ಎರಡು, ಮೂರು, ಐದು, ಏಳು. ಯಾವುದರಲ್ಲೂ ಶೇಷ ಉಳಿಯಲಿಲ್ಲ. ಹನ್ನೊಂದಕ್ಕೆ ಬಂದಾಗ ಮಾತ್ರ ನನಗೆ ಒಂದು ಉಳಿಯಿತು. ಅವಳು ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು, ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಳು.

"ನೀನು ತಪ್ಪು ಮಾಡಿದೀಯ! ಕೊಡು ಇಲ್ಲಿ."

ಹದಿಮೂರು, ಹದಿನೇಳು ಮುಗಿಯುವಷ್ಟರಲ್ಲಿ ಅಷ್ಟು ದೊಡ್ಡ ಸಂಖ್ಯೆ ಕರಗಿ ಬರೀ ಒಂದಾಗಿತ್ತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅನ್ನ ಸೀದುಹೋಯಿತು.

ಬರುವಾಗ ಅವಳಿಗೊಂದು ಒಳ್ಳೆಯ ಗಣಿತದ ಪುಸ್ತಕ ತಾ. ಇನ್ನೊಂದು ವಿಷಯ. ಇಷ್ಟು ದಿನ ನನ್ನನ್ನು "ನೀವು" ಎನ್ನುತ್ತಿದ್ದವಳು, ನಿನ್ನೆಯಿಂದ ನಿನಗೆ ಅನ್ನುವ ಹಾಗೆ ನನಗೂ "ನೀನು" ಅನ್ನುತ್ತಿದ್ದಾಳೆ. ದೊಡ್ಡವರಿಗೆ ಮರ್ಯಾದೆ ಕೊಡು ಎಂದು ದಯವಿಟ್ಟು ಅವಳನ್ನು ಗದರಬೇಡ.

ನಿನ್ನ,
ಪೇಂಟರ್