ಬಾಣಂತಿಕೋಣೆಯ ಮೇಲಿನ ತೋಟ

ಮಾವನವರೇ,

ನಿಮ್ಮ ಸೊಸೆಯ ನಮಸ್ಕಾರ. ನೀವು ಈಗಿರುವ ಲೋಕದಲ್ಲಿ ಮಾಳಿಗೆ ಸೋರುವುದಿಲ್ಲವಷ್ಟೇ?

ಶಿರಗುಪ್ಪಿಯ ಹೊಲದಿಂದ ಮೊದಲ ಗಾಡಿ ಕಪ್ಪು ಎರೆಮಣ್ಣು ಬಂದ ದಿನ ನೆನಪಿದೆಯೇ? ಹುಬ್ಬಳ್ಳಿಯ ಪೇಟೆಯಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿ, ಅದರ ಮಾಳಿಗೆಯ ಮೇಲೆ ಊರಿಗೆಲ್ಲ ತೋಟ ಮಾಡಲು ಹೊರಟಿದ್ದಿರಿ. ಎರೆಹೊಲದಲ್ಲೇ ಬೆಳೆದವಳು ನಾನು. "ಮಾವಾರ, ಎರಿಮಣ್ಣು ಮಾಳಿಗಿಗೆ ಬ್ಯಾಡ್ರಿ. ನೀರು ಹಿಡದು ಉಬ್ಬತೈತಿ, ಬ್ಯಾಸಗ್ಯಾಗ ಬಾಯಿ ಬಿಡತೈತಿ. ಕೆಳಗ ಸೋರತೈತ್ರಿ" ಎಂದೆ. ಎಲ್ಲರ ಮಾಳಿಗೆಗೂ ನೀರು ಕುಡಿಯದ ಹಾಳುಮಣ್ಣು ಹಾಕುವುದನ್ನು ನೀವೂ ಕಂಡವರೇ. "ಹಾಳುಮಣ್ಣಾಗ ಮಲ್ಲಿಗಿ ಅರಳತೈತೇನು? ನೀ ಒಳಗ ನಡಿ" ಎಂದಿರಿ. ನಡೆದೆ.

ತೋಟವೇನೋ ಛಲೋ ಆಯಿತು, ಸುಳ್ಳೇಕೆ ಹೇಳಲಿ. ಸಂಜೆಯಾದರೆ ಹಮಾಲರಿಂದ ವಕೀಲರವರೆಗೆ ಎಲ್ಲರೂ ಮೇಲೇರಿ ಗಾಳಿಗೆ ಕೂರುತ್ತಿದ್ದರು. ನಿಮ್ಮ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ತವರಿನಲ್ಲಿ ತಾಯಿ ಇಲ್ಲದ್ದರಿಂದ ನನ್ನ ಬಾಣಂತನ ನಿಮ್ಮ ಮನೆಯಲ್ಲೇ ಆಯಿತು, ಆ ತೋಟದ ಅಡಿಗೇ ಇದ್ದ ಮೂರನೇ ಅಂತಸ್ತಿನ ಕೋಣೆಯಲ್ಲಿ. ಹೆಣ್ಣುಕೂಸು. ಶ್ರಾವಣದ ಜಿಟಿಜಿಟಿ ಮಳೆಗೆ ಗೋಡೆ ಬೆವೆತು, ತೊಲೆಯಿಂದ ಕರಿನೀರು ಹಾಸಿಗೆಗೆ ಬೀಳುತ್ತಿತ್ತು. ಕೂಸು ಕೆಮ್ಮತೊಡಗಿತು. "ಕೆಳಗಿನ ಅಂತಸ್ತಿನ ಕೋಣಿ ಕೊಡ್ರಿ, ಕಾಲಿಗೆ ಬೀಳತೇನ್ರಿ" ಎಂದೆ. ಅದು ತೋಟ ನೋಡಲು ಬರುವ ದೊಡ್ಡವರಿಗೆ ಬೇಕಂತೆ. ನಿಮ್ಮ ಮಗ ಪಕ್ಕದಲ್ಲೇ ನಿಂತು ಉಗುರು ನೋಡಿಕೊಳ್ಳುತ್ತಿದ್ದರು.

ಮಳೆ ಬಿಟ್ಟ ಸಂಜೆ ಕಲೆಕ್ಟರರು ಬಂದರು. ಮೇಲೆ ಹಾರ, ಭಾಷಣ, ಚಪ್ಪಾಳೆ. ಕೆಳಗೆ ನನ್ನ ಮಡಿಲಲ್ಲಿ ಕೂಸು ತಣ್ಣಗಾಯಿತು. ನನ್ನ ಚೀರಾಟ ಕೇಳಿ ನೀವೇ ಇಳಿದು ಬಂದಿರಿ. ಕೂಸನ್ನು ನೋಡಿದಿರಿ. "ಸಾಹೇಬ್ರು ಹೋಗೂತನಕ ಬಾಯಿ ಮುಚ್ಚು" ಎಂದು ಬಾಗಿಲೆಳೆದುಕೊಂಡು ಹೋದಿರಿ. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮನುಷ್ಯರು ಹಾಗೂ ಇರುತ್ತಾರೆಯೇ? ನಿಮ್ಮನ್ನು ಹೆತ್ತವಳು... ಹೋಗಲಿ.

ಕೊನೆಗೆ ಪಾರ್ಶ್ವವಾಯು ಬಡಿದು ನಿಮ್ಮ ಮಾತು ನಿಂತಾಗ, ಅದೇ ಕೋಣೆಯಲ್ಲಿ ಹಾಸಿಗೆ ಹಾಕಿಸಿದವಳು ನಾನೇ. ಹಣೆಗೆ ಕರಿನೀರು ಬಿದ್ದಾಗಲೆಲ್ಲ ನನ್ನತ್ತ ಕಣ್ಣು ಹೊರಳಿಸುತ್ತಿದ್ದಿರಿ. ಒರೆಸಲಿಲ್ಲ. ಇವತ್ತಿಗೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಈಗ ಸುದ್ದಿ. ತೋಟದ ಬಾಗಿಲಿಗೆ ನಿಮ್ಮ ಹೆಸರಿನ ಕಲ್ಲು ಹಾಕಿಸಬೇಕೆಂದು ನಿಮ್ಮ ಮಗ ಹಟ ಹಿಡಿದರು. "ಹಾಕಸ್ರಿ. ಕಲೆಕ್ಟರ್ ಬಂದ ದಿನ ಕೆಳಗ ಏನಾತು ಅಂತ ಬಂದ ಮಂದಿಗೆಲ್ಲ ನಾ ನಿಂತು ಹೇಳತೇನಿ" ಎಂದೆ. ಕಲ್ಲಿನ ಮೇಲೆ ಯಾವ ಹೆಸರು ಕೆತ್ತಿಸುವುದೆಂಬುದನ್ನು ಅವರು ನನಗೇ ಬಿಟ್ಟರು. ತೊಟ್ಟಿಲಿಗೆ ಹಾಕುವ ಮೊದಲೇ ಹೋದ ಕೂಸಿಗೆ ನಾನೊಂದು ಹೆಸರು ಇಟ್ಟುಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ. ಈಗ ಅದು ಕಲ್ಲಿನ ಮೇಲಿದೆ: ಗಿರಿಜಾ. "ಗಿರಿಜವ್ವನ ತ್ವಾಟಕ್ಕ ಹೋಗೂಣು ಬರ್ರಿ" ಎನ್ನುತ್ತಾರೆ ಪೇಟೆಯ ಮಂದಿ. ನಿಮ್ಮನ್ನು ಕಾಣದ ಹೊಸಬರು ಆಕೆ ಯಾರೋ ಪುಣ್ಯವಂತ ಮುದುಕಿ, ತೋಟ ಮಾಡಿಸಿದವಳೇ ಅವಳು ಎಂದುಕೊಂಡಿದ್ದಾರೆ. ಕೇಳಿದವರಿಗೆ ನಾನು ಹೌದೆನ್ನುತ್ತೇನೆ.