ಸೋಲದವನ ಮೇಲೆ ಹೊತ್ತ ಹರಕೆ

ನನ್ನ ಮನೆಯಾಕೆ ಪದ್ದುವಿಗೆ,

ಆ ಟೆನಿಸ್ ಆಟಗಾರ ಈ ಸಲವೂ ಗೆದ್ದ. ಮೊದಲು ಅದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ "ಸುತ್ತಿ ಬಳಸ್ಬೇಡಿ, ವಿಷಯಕ್ಕೆ ಬನ್ನಿ" ಅನ್ನುತ್ತೀಯ. ಅದೇ ಕೆಂಪು ಮಣ್ಣು, ಅದೇ ಫೈನಲ್, ನೇರ ಸೆಟ್‌ಗಳಲ್ಲಿ. ಆ ಅಂಕಣದಲ್ಲಿ ಅವನು ಸೋತಿದ್ದನ್ನು ನಾವಿಬ್ಬರೂ ನೋಡಲೇ ಇಲ್ಲ, ಅಲ್ಲವೇ?

ಶಂಕರಪುರದ ಈ ಮನೆಯ ಹಾಲ್‌ನಲ್ಲಿ ನೀನು ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದ ಆ ಸಂಜೆ ನೆನಪಿದೆಯಾ? ನಾನು ಟಿವಿ ನೋಡುತ್ತ ಅವನ ಹೊಡೆತಗಳಿಗೆ ಚಪ್ಪಾಳೆ ತಟ್ಟುತ್ತಿದ್ದರೆ, ನೀನು ಅಲ್ಲಿನ ಗ್ಯಾಲರಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಎದುರಾಳಿಯ ತಾಯಿಯನ್ನೇ ನೋಡುತ್ತಿದ್ದೆ.

"ರೀ, ಪ್ರತಿ ವರ್ಷ ಇವನಿಗೇನಾ? ಆ ಹುಡುಗನ ಅಮ್ಮನ ಮುಖ ನೋಡ್ರೀ."

"ಇದು ಟೆನಿಸ್ ಕಣೇ. ಅರಿಶಿನ ಕುಂಕುಮ ಅಲ್ಲ, ಬಂದೋರಿಗೆಲ್ಲ ಹಂಚಕ್ಕೆ."

"ಹೌದಾ? ಹಾಗಾದ್ರೆ ಕೇಳಿಸ್ಕೊಳ್ಳಿ. ಇವನು ಇಲ್ಲಿ ಸೋತ ದಿನ ದೊಡ್ಡ ಗಣಪತಿಗೆ ಬೆಣ್ಣೆ ಅಲಂಕಾರ ಮಾಡಿಸ್ತೀನಿ!"

ಹುರುಳಿಕಾಯಿ ಹಿಡಿದುಕೊಂಡೇ ನೀನು ಕೈ ಮುಗಿದೆ. ನಾನು ನಕ್ಕೆ. ಟಿವಿ ಮುಂದೆ ಹೊತ್ತ ಹರಕೆಯೂ ಹರಕೆಯೇ ಎಂದು ಯಾರಿಗೆ ಗೊತ್ತಿತ್ತು…

ಆಸ್ಪತ್ರೆಯಲ್ಲಿ ನೀನು ಕೊನೆಯದಾಗಿ ಸರಿಯಾಗಿ ಆಡಿದ ಮಾತು ಅದೇ. "ಅದೊಂದು ಉಳ್ಕೊಂಡಿದೆ. ನೀವು ಮಾಡಿಸ್ಬಿಡಿ." ಆಗಲಿ ಎಂದೆ. ನಿನಗಾಗಿ ಮಾಡಬೇಕಾದ್ದು ಇನ್ನೊಂದು ಉಳಿದಿದೆಯಲ್ಲ ಎಂದುಕೊಂಡೇ ಇಷ್ಟು ದಿನ ಎದ್ದು, ಸ್ನಾನ ಮಾಡಿ, ಉಂಡಿದ್ದೇನೆ.

ಹೋದ ತಿಂಗಳು ದೇವಸ್ಥಾನಕ್ಕೆ ಹೋಗಿ, ಅವನು ಸೋಲುವವರೆಗೂ ಕಾಯಬೇಕೇ ಎಂದು ಅರ್ಚಕರನ್ನು ಕೇಳಿದೆ.

"ಅಲಂಕಾರ ಯಾವಾಗ ಬೇಕಾದ್ರೂ ಮಾಡ್ಸಿ ಸಾರ್, ಸಂತೋಷ. ಆದ್ರೆ ಅದು ನಿಮ್ಮ ಸೇವೆ ಆಗತ್ತೆ. ಅಮ್ಮನೋರು ಹೊತ್ತಿದ್ದು ಅವನು ಸೋತ್ರೆ ಅಂತ ಅಲ್ವಾ?" ನನ್ನ ಮುಖ ನೋಡಿ ಪಾಪ ಎನಿಸಿತೇನೋ. "ಅವನಿಗೂ ವಯಸ್ಸಾಯ್ತು ಸಾರ್. ಈ ಸಲ ಬಿದ್ದೋಗ್ತಾನೆ ಬಿಡಿ."

ನಿನ್ನೆ ಸಂಜೆ ನೀನು ಕೂರುತ್ತಿದ್ದ ಕಡೆ ಕೂತು, ಜೀವನದಲ್ಲಿ ಮೊದಲ ಸಲ ಎದುರಾಳಿಗೆ ಚಪ್ಪಾಳೆ ತಟ್ಟಿದೆ. ನಡುವೆ ಅವನು ಜಾರಿ ಬಿದ್ದ, ಮೈಯೆಲ್ಲ ಕೆಂಪು ಮಣ್ಣು. "ಏಳ್ಬೇಡ ಕಣೋ!" ಎಂದು ಕೂಗಿದೆ. ಪದ್ದು, ನಾನು ಕೂಗಿದೆ! ಎದ್ದ. ಗೆದ್ದ.

ಆಮೇಲೆ ಮೈಕ್ ಹಿಡಿದು ಮಾತಾಡಿದ. ನನ್ನ ಕಾಲೇಜಿನ ಇಂಗ್ಲಿಷ್ ನಿನಗೆ ಗೊತ್ತಲ್ಲ, ಗ್ರಾಮರ್ ಅಷ್ಟಿಷ್ಟು ಉಳಿದಿದೆ, ಕಿವಿ ಹೋಗಿದೆ. "ವಾಟ್ ಈಸ್ ಹಿ ಸೇಯಿಂಗ್" ಎಂದು ಗೋಡೆಯನ್ನೇ ಕೇಳಿದೆ. ಕೊನೆಗೆ ಒಂದು ವಾಕ್ಯ ಪೂರ್ತಿ ತಿಳಿಯಿತು. ಇನ್ನು ಆಡುವುದಿಲ್ಲವಂತೆ. ಇದೇ ಕೊನೆಯ ಪಂದ್ಯವಂತೆ. ಜನ ಎದ್ದು ನಿಂತು ಅತ್ತರು. ನಾನೂ ಅತ್ತೆ, ಆದರೆ ಅವನಿಗಾಗಿ ಅಲ್ಲ.

ಇನ್ನು ಅವನನ್ನು ಅಲ್ಲಿ ಯಾರು ಸೋಲಿಸುತ್ತಾರೆ, ಹೇಳು? ನೀನು ನನಗೆ ಒಪ್ಪಿಸಿಹೋದ ಒಂದೇ ಒಂದು ಕೆಲಸ, ಅದೂ ಇನ್ನು ಆಗುವುದಿಲ್ಲ. ನೀನಿರುವ ಕಡೆ ಗಣಪತಿ ಎದುರಾದರೆ, "ನಮ್ಮನೆಯವರು ಕಾದ್ರು, ಆ ಮನುಷ್ಯನೇ ಸೋಲ್ಲಿಲ್ಲ" ಎಂದು ನೀನೇ ಹೇಳಿಬಿಡು. ನನ್ನ ಕೈಯಲ್ಲಿ ಇನ್ನೇನೂ ಇಲ್ಲ.