ಮಾಟೆಯ ಸುತ್ತಿನಿಂದ ಎದ್ದವಳು

ಪಾಯ್ಸಂದು
9 ಜೂನ್

ಪ್ರೀತಿಯ ಸುಲ್ಮಾ,

ಮೂರು ಕಾಗದಕ್ಕೂ ಉತ್ತರ ಬರೆಯದ ಸೋಮಾರಿಯನ್ನು ಮನಸಾರೆ ಬೈದುಕೊಂಡಿರುತ್ತೀಯ. ಬೈದು ಮುಗಿದಿದ್ದರೆ ಮುಂದೆ ಓದು. ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆಯ ಮಹಡಿ ಹತ್ತಿಳಿಯುವುದು ರೂಢಿಯಾಯಿತೇ? ಇಲ್ಲಿ ನಮ್ಮ ಜೂನ್ ಚಳಿಗಾಲ ಶುರುವಾಗಿ ನದಿಯ ಗಾಳಿ ಎಲುಬಿಗೇ ಇಳಿಯುತ್ತಿದೆ.

ನನ್ನ ಗಂಟಲಿನ ಸಂಗತಿ ಬರೆದಿದ್ದೆನಲ್ಲ. ಹುಣ್ಣಾಗಿದೆ, ಮಾಟೆ ಎಲೆಯ ಬಿಸಿ ಚಹಾ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ದಿನವೇ ನಮ್ಮ ಗುಂಪಿಗೆ ತಿಳಿಸಿದೆ. ನೀನಿದ್ದಾಗಿನಿಂದಲೂ ಸಂಜೆಯ ಮಾಟೆ ನನ್ನ ಅಂಗಳದಲ್ಲೇ ಅಲ್ಲವೇ? ಒಂದೇ ಸೋರೆಬುರುಡೆ, ಹೀರಲು ಒಂದೇ ಕೊಳವೆ, ಎಲ್ಲರ ಎಂಜಲೂ ಎಲ್ಲರಿಗೂ. ಮರುದಿನ ಪಕ್ಕದ ಬೀದಿಯ ನಿಲ್ಡಾ ಬಂದು, "ನೋಡೇ ಎತೆಲ್ವೀನಾ, ನಿನ್ನ ಕಣ್ಮುಂದೆ ನಾವು ಹೀರ್ತಾ ಕೂತ್ರೆ ನಮ್ಗೆ ಹೊಟ್ಟೆನೋವು ಬರುತ್ತೆ. ನೀನು ವಾಸಿಯಾಗೋ ತನಕ ನಮ್ಮನೇಲಿ ಸೇರ್ತೀವಿ ಬಿಡು" ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು, ಅದೇ ಕಷ್ಟ. ಜಗಳವಾಡಿ ಹೋಗಿದ್ದರೆ ಬೈದು ಹಗುರಾಗುತ್ತಿದ್ದೆ.

ಸುಮ್ಮನೆ ಹೋಗಿ ಕೂರಬಾರದೇ ಎನ್ನುತ್ತೀಯ. ಒಂದೆರಡು ಸಲ ಹೋದೆ. ಬುರುಡೆ ನನ್ನನ್ನು ದಾಟಿಕೊಂಡು ಪಕ್ಕದವಳಿಗೆ ಹೋಗುತ್ತಿತ್ತು, ಮಾತೂ ಹಾಗೆಯೇ. ಕೊಡಲೂ ಆಗದೆ ಬಿಡಲೂ ಆಗದೆ ಅವರೇ ಮುದುಡುತ್ತಿದ್ದರು.

ಗಂಟಲು ಉಳಿಸಿಕೊಳ್ಳಲು ಹೋಗಿ ಮಿಕ್ಕಿದ್ದೆಲ್ಲ ಕೆಟ್ಟಿತು. ಹಸಿವಿಲ್ಲ, ನಿದ್ದೆಯಿಲ್ಲ, ಬಿ.ಪಿ. ಏರಿದೆ, ಲಂಗ ಸೊಂಟದಲ್ಲಿ ನಿಲ್ಲುವುದಿಲ್ಲ. ಡಾಕ್ಟರು ಆ ಪರೀಕ್ಷೆ ಈ ಪರೀಕ್ಷೆ ಮಾಡಿಸಿ ಕೊನೆಗೆ, "ದಿನಕ್ಕೆ ಎಷ್ಟು ಜನರ ಹತ್ರ ಮಾತಾಡ್ತೀರಮ್ಮ?" ಎಂದು ಕೇಳಿದರು.

"ಬ್ರೆಡ್ ಅಂಗಡಿಯವನೂ ಲೆಕ್ಕಕ್ಕೆ ಬರ್ತಾನಾ?" ಎಂದೆ.

ಅವರು ನಗಲಿಲ್ಲ. "ಇದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ. ಜನರ ಮಧ್ಯೆ ಕೂತ್ಕೊಳ್ಳಿ," ಎಂದರು.

ನಿನ್ನ ಮೊಮ್ಮಕ್ಕಳಿಗೆ ನನ್ನ ಮುತ್ತು. ಮಾತೆ ಮರಿಯಮ್ಮ ನಿನ್ನ ಮಂಡಿಗೆ ಬಲ ಕೊಡಲಿ. ಅಲ್ಲಿ ಯಾರಾದರೂ ಕರೆದರೆ ಹೋಗು, ಕಾಲುನೋವಿನ ನೆವ ಹೇಳಬೇಡ.

ನಿನ್ನ
ಎತೆಲ್ವೀನಾ

ತಾ.ಕ.: ಗಂಟಲು ವಾಸಿಯಾಗಿದೆ, ಸುಲ್ಮಾ. ಮಾಟೆಯ ಬಿಸಿ ಆರಿಸಿಕೊಂಡು ಕುಡಿಯಬಹುದು ಎಂದು ಡಾಕ್ಟರು ಈಸ್ಟರ್ ಹೊತ್ತಿಗೇ ಹೇಳಿದ್ದರು. ತಿಳಿಸೋಣವೆಂದು ಅವತ್ತೇ ನಿಲ್ಡಾಳ ಮನೆಗೆ ಓಡಿದೆ. ಗೇಟು ತೆರೆದ ಸದ್ದಿಗೆ ಒಳಗಿನ ನಗು ನಿಂತಿತು. ನಿಲ್ಡಾ ಬುರುಡೆಯನ್ನು ಲಂಗದ ಮರೆಗೆ ಸರಿಸಿ, "ಸುಮ್ನೆ ಕೂತಿದ್ವಿ ಕಣೇ" ಅಂದಳು. ನಾನು ಇದ್ದಷ್ಟು ಹೊತ್ತೂ ಯಾರೂ ಹೀರಲಿಲ್ಲ. ನಾನು ಏಳುವುದನ್ನೇ ಕಾಯುತ್ತಿದ್ದರು. ನನಗೂ ಒಂದು ಗುಟುಕು ಕೊಡಿ ಎನ್ನಲು ಬಾಯಿ ಬರಲಿಲ್ಲ, ಎದ್ದು ಬಂದೆ. ಈಗಲೂ ಚರ್ಚಿನಲ್ಲಿ ಸಿಕ್ಕಾಗಲೆಲ್ಲ ಗಂಟಲು ಹೇಗಿದೆ ಎಂದು ಕೇಳುತ್ತಾರೆ. ಹಾಗೇ ಇದೆ ಎನ್ನುತ್ತೇನೆ. ವಾಸಿಯಾಯಿತು ಎಂದ ಮೇಲೂ ಅವರು ಕರೆಯದಿದ್ದರೆ ನಾನೇನು ಮಾಡಲಿ?